ಕುಸುಬಿ ಎಣ್ಣೆಯ ಸಾಬೂನು

ಹೈದರಾಬಾದಿನ ಶಂಶಾಬಾದ್ ವಿಮಾನ ನಿಲ್ದಾಣದಲ್ಲಿ ತಪಾಸಣೆ ಮುಗಿಸಿ ಒಳಗೆ ಬಂದರೆ ಸಿಗುವ ಅಂಗಡಿಗಳ ಸಾಲಿನಲ್ಲಿ ಒಂದು ಸಾಬೂನಿನ ಅಂಗಡಿ. ಬರೀ ಸಾಬೂನು. ಕಟ್ಟಿಗೆಯ ತಟ್ಟೆಯಲ್ಲಿ ಮೈಸೂರುಪಾಕಿನ ಹಾಗೆ ಕೊಯ್ದು ಜೋಡಿಸಿ, ಒಂದೊಂದಕ್ಕೂ ಸೆಣಬಿನ ದಾರ ಕಟ್ಟಿ, ಮೇಲೊಂದು ಒಣಗಿದ ಗುಲಾಬಿ ಎಸಳು ಅಂಟಿಸಿದ್ದರು. ಮೈಯ ಕೊಳೆ ತೆಗೆಯುವ ಪದಾರ್ಥಕ್ಕೆ ಮದುಮಗಳ ಶೃಂಗಾರ! ಕಾಶಿಯ ವಿಮಾನಕ್ಕೆ ಇನ್ನೂ ಹೊತ್ತಿತ್ತು. ಪಕ್ಕದಲ್ಲೇ ಬರುತ್ತಿದ್ದ ನಮ್ಮ ಮನೆಯವರು ಎಲ್ಲಿ ಹೋದರೆಂದು ತಿರುಗಿ ನೋಡಿದರೆ, ಆ ಅಂಗಡಿಯ ಮುಂದೆ ನಿಂತು ಒಂದು ತುಂಡನ್ನು ಮೂಗಿಗೆ ಹಿಡಿದಿದ್ದಾರೆ. ಎಳೆದುಕೊಂಡು ಬರೋಣವೆಂದು ಹತ್ತಿರ ಹೋದೆ. ಖಸ್ಸಿನ, ಅಂದರೆ ಲಾವಂಚದ, ವಾಸನೆ ನನ್ನ ಮೂಗಿಗೂ ಬಡಿಯಿತು. ಅಷ್ಟಕ್ಕೇ ಅವರು ನಿವೃತ್ತರಾದ ವರ್ಷದ ಆ ಮಳೆಗಾಲ, ನನ್ನ ಅಡಿಗೆಮನೆಗೆ ಬಂದ ದುರ್ಗತಿ, ಮಗಳು ಸುಧಾಳ ಸೀಮಂತದ ಕುಬಸ, ಎಲ್ಲ ಒಟ್ಟಿಗೆ ನೆನಪಾದವು.

ನಿವೃತ್ತ ಗಂಡಸರ ಬಗ್ಗೆ ನನಗೆ ಮೊದಲಿನಿಂದಲೂ ಒಳ್ಳೆಯ ಅಭಿಪ್ರಾಯವಿಲ್ಲ. ಕಾಚಿಗೂಡದ ನಮ್ಮ ಹಳೆಯ ಕಟ್ಟಡದಲ್ಲೇ ಸಾಕಷ್ಟು ಮಂದಿಯನ್ನು ನೋಡಿದ್ದೇನೆ. ಒಬ್ಬರು ಕುಂಡದ ಗಿಡಗಳಿಗೆ ಕೊಳೆಯುವ ತನಕ ನೀರು ಹಾಕುತ್ತಾರೆ. ಇನ್ನೊಬ್ಬರು ಸಂತೆಗೆ ಹೋಗಿ ಚೌಕಾಸಿ ಮಾಡಿ ಹುಳುಕು ಬದನೆಕಾಯಿ ತಂದು, ಗೆದ್ದವರ ಹಾಗೆ ಮೆಟ್ಟಿಲು ಹತ್ತುತ್ತಾರೆ. ನಮ್ಮ ಮನೆಯವರು ದೊಡ್ಡ ಸರಕಾರಿ ಕಚೇರಿಯಲ್ಲಿ ಅಧಿಕಾರಿಯಾಗಿದ್ದವರು. ಬಾಯಿ ತೆರೆದರೆ ಚಹಾ ಬರುತ್ತಿತ್ತು, ಗಂಟೆ ಒತ್ತಿದರೆ ಮನುಷ್ಯ ಬರುತ್ತಿದ್ದ. ಮನೆಗೆ ಬಂದು ಕೂತ ಮೇಲೂ ಅವರಿಗೆ ಕರೆಗಂಟೆ ಒತ್ತುವ ಚಟ ಹೋಗಲಿಲ್ಲ. ಬಾಗಿಲ ಗಂಟೆ ತಾವೇ ಒತ್ತಿ ನೋಡಿ, "ಇದು ಸರಿ ಬಡಿಯಾಕತ್ತಿಲ್ಲ, ನೋಡು" ಅನ್ನುತ್ತಿದ್ದರು.

ಅವರದೊಂದು ಗುಣ ಮಾತ್ರ ಮೊದಲೇ ಹೇಳಿಬಿಡಬೇಕು. ಅವರು ಜೀವಮಾನದಲ್ಲಿ ಒಂದೇ ಒಂದು ತಪ್ಪು ಮಾಡಿಲ್ಲ. ಕಡತ ಕಳೆದರೆ ಗುಮಾಸ್ತನ ತಪ್ಪು. ಮಗಳಿಗೆ ಗಣಿತದಲ್ಲಿ ಅಂಕ ಕಡಿಮೆಯಾದರೆ ಮಾಸ್ತರರದು. ನಾವು ರೈಲು ತಪ್ಪಿಸಿಕೊಂಡರೆ ಕಾಚಿಗೂಡ ಸ್ಟೇಷನ್ನಿನ ಗಡಿಯಾರದ್ದು. ಮದುವೆಯಾದ ಹೊಸತರಲ್ಲಿ ಇದನ್ನು ನಾನು ಜಾಣತನವೆಂದು ತಿಳಿದಿದ್ದೆ. ಬರಬರುತ್ತ ಇದು ಹಳೆಯ ಕೆಮ್ಮಿನಂಥ ಒಂದು ಕಾಯಿಲೆ, ಹೋಗುವುದಿಲ್ಲ ಎಂದು ಗೊತ್ತಾಯಿತು.

ಮಾವಿನಹಣ್ಣಿನ ದಿನಗಳು. ಹೊರಗೆ ಹೆಂಚು ಕಾದಂಥ ಬಿಸಿಲು. ಅವರು ಇಡೀ ದಿನ ಫೋನು ನೋಡುತ್ತ ಬಿದ್ದಿರುತ್ತಿದ್ದರು. ಅದರಲ್ಲಿ ಯಾವಳೋ ಹುಡುಗಿ ಸಾಬೂನು ಮಾಡುವುದನ್ನು ತೋರಿಸಿದಳಂತೆ. ಎದ್ದು ಬಂದವರೇ ಅಡಿಗೆಮನೆಯ ಬಾಗಿಲಲ್ಲಿ ನಿಂತು ಘೋಷಣೆ ಮಾಡಿದರು.

"ಇನ್ನ ಮ್ಯಾಲೆ ನಮ್ಮ ಮನ್ಯಾಗ ಅಂಗಡಿ ಸಾಬಾಣ ಬ್ಯಾಡ. ನಾನ ಮಾಡ್ತೀನಿ. ಶುದ್ಧ. ಒಂದ್ ಹನಿ ಕೆಮಿಕಲ್ ಇರಂಗಿಲ್ಲ."

ಕೆಮಿಕಲ್ ಇಲ್ಲದ ಸಾಬೂನಿಗೆ ಅವರು ಮೊಟ್ಟಮೊದಲು ತಂದದ್ದು ಕಾಸ್ಟಿಕ್ ಸೋಡಾ. ಡಬ್ಬಿಯ ಮೇಲೆ ತಲೆಬುರುಡೆಯ ಚಿತ್ರವಿತ್ತು. ಸುಧಾ ಕಾಲೇಜಿಗೆ ಹಾಕಿಕೊಂಡು ಹೋಗುತ್ತಿದ್ದ ಹಳೆಯ ರೇನ್‌ಕೋಟು ಮೈಗೇರಿಸಿ, ಈಜುವವರ ಕನ್ನಡಕ ಹಾಕಿಕೊಂಡು ಕಟ್ಟೆಯ ಮುಂದೆ ನಿಂತರು. ನಾನು ಹಾಲು ಕಾಸುವ ಅಲ್ಯೂಮಿನಿಯಂ ಬೋಗಾಣಿಯೇ ಅವರ ಕೈಗೆ ಸಿಗಬೇಕೆ? ಅದರಲ್ಲಿ ನೀರು ಹಾಕಿ, ಸೋಡಾ ಸುರಿದದ್ದೇ ತಡ, ಬುಸ್ಸೆಂದು ನೊರೆಯೆದ್ದು ಹೊಗೆಯಾಡಿತು. ನನ್ನ ಬೋಗಾಣಿ ಕಣ್ಣೆದುರಿಗೇ ಕಪ್ಪಗಾಗಿ ಕರಗತೊಡಗಿತು. ನಾನು ಕಿಟಕಿ ತೆರೆದು ಕೆಮ್ಮುತ್ತಿದ್ದರೆ ಇವರು ಕನ್ನಡಕ ಏರಿಸಿ, "ಬೋಗಾಣಿ ಸರಿ ಇಲ್ಲ. ಏನರ ಕಲಬೆರಕಿ ಇರಬೇಕು ಇದರಾಗ" ಎಂದರು.

"ಬೋಗಾಣಿ ನಲವತ್ತು ವರ್ಷ ಸರೀನ ಇತ್ತರಿ," ಎಂದೆ. "ಇವತ್ತ ಕೆಟ್ಟತು."

ಆಮೇಲೆ ಸ್ಟೀಲಿನ ಪಾತ್ರೆ ಬಂತು, ಮಣ್ಣುಬಣ್ಣದ ಅಚ್ಚುಗಳು ಬಂದವು, ಚಟ್ನಿ ಕಡೆಯಲು ಇಟ್ಟುಕೊಂಡಿದ್ದ ಕೈಮಿಕ್ಸರು ನನ್ನ ಪಾಲಿಗೆ ಸತ್ತಿತು. ಕೊಬ್ಬರಿ ಎಣ್ಣೆಯಲ್ಲಿ ಮಾಡಿದ ಸಾಬೂನು, ಸುಳ್ಳೇಕೆ ಹೇಳಬೇಕು, ಚೆನ್ನಾಗಿಯೇ ಆಯಿತು. ನಮ್ಮ ಗಡಸು ನೀರಿನಲ್ಲೂ ನೊರೆ ಕೊಟ್ಟಿತು. ಅದನ್ನು ಅವರಿಗೆ ಹೇಳುವ ತಪ್ಪನ್ನು ಮಾತ್ರ ನಾನು ಮಾಡಲಿಲ್ಲ. ಹೇಳುವವರು ಊರ ತುಂಬ ಇದ್ದರು.

ನಮ್ಮ ಕನ್ನಡದ ಮಂದಿಯದೊಂದು ಗುಂಪಿದೆ. ಹಬ್ಬಕ್ಕೊಮ್ಮೆ ಸೇರುತ್ತೇವೆ, ಉಳಿದ ದಿನ ಫೋನಿನಲ್ಲಿ ಒಬ್ಬರನ್ನೊಬ್ಬರು ಹೊಗಳಿಕೊಳ್ಳುತ್ತೇವೆ. ಬಿಟ್ಟಿ ಸಾಬೂನು ಮನೆಮನೆಗೆ ಮುಟ್ಟಿದ್ದೇ ಅವರ ಹೊಗಳಿಕೆಗೆ ಲಂಗುಲಗಾಮು ಉಳಿಯಲಿಲ್ಲ. ಅದರಲ್ಲೂ ಮಾಲತಿಬಾಯಿ. ಅಂಬರಪೇಟೆಯಿಂದ ಆಟೋ ಮಾಡಿಕೊಂಡು ಬಂದು ನಮ್ಮ ಸೋಫಾದ ಮೇಲೆ ಕೂತು, ನನ್ನ ಚಹಾ ಕುಡಿದು, ನಮ್ಮ ಮನೆಯವರ ಮುಖ ನೋಡಿ ಹೇಳಿದಳು: "ನಿಮ್ಮ ಸಾಬಾಣ ಹಚ್ಚಾಕತ್ತಿದ ಮ್ಯಾಲೆ ನನ್ನ ಮಂಡಿನೋವೂ ಕಡಿಮಿ ಆತ್ರಿ ಸಾಹೇಬ್ರ!"

ಮಂಡಿನೋವು! ಸಾಬೂನಿನಿಂದ! ಆ ಸಾಹೇಬ್ರ ಎನ್ನುವ ಮಾತು ಕೇಳಿ ಇವರ ಮುಖ ಹೇಗೆ ಅರಳಿತು ಅಂತೀರಿ. ಕಚೇರಿ ಬಿಟ್ಟ ಮೇಲೆ ಹಾಗೆ ಕರೆದವರು ಯಾರೂ ಇರಲಿಲ್ಲ. ಮಾಲತಿಬಾಯಿ ಎರಡು ಸಾಬೂನಿಗೆ ಬಂದವಳು ಆರು ಒಯ್ದಳು.

ಈ ಹುಚ್ಚು ಇಷ್ಟಕ್ಕೇ ನಿಂತಿದ್ದರೆ ನಾನು ಮೂಗು ಮುರಿದು ಸುಮ್ಮನಿರುತ್ತಿದ್ದೆ. ಆ ಮಳೆಗಾಲದಲ್ಲಿ ನನ್ನ ತಲೆ ತುಂಬ ಇದ್ದದ್ದು ಸುಧಾಳ ಚಿಂತೆ. ಮಗಳು, ಅಳಿಯ ಉಪ್ಪಲ್‌ನಲ್ಲಿದ್ದಾರೆ. ಮದುವೆಯಾಗಿ ಬಹಳ ವರ್ಷದ ಮೇಲೆ ಬಸುರಿಯಾಗಿದ್ದಳು. ಅದಕ್ಕೂ ಮೊದಲು ಒಮ್ಮೆ ಬಸುರು ನಿಂತು, ಇಳಿದುಹೋಗಿತ್ತು. ಹಾಗಾಗಿ ಈ ಸಲ ಹುಡುಗಿ ಉಸಿರು ಬಿಗಿಹಿಡಿದು ದಿನ ನೂಕುತ್ತಿದ್ದಳು. ಬೆಕ್ಕು ಅಡ್ಡ ಬಂದರೆ ಬೆಚ್ಚುವಳು, ಕನಸು ಬಿದ್ದರೆ ನನಗೆ ಫೋನು ಮಾಡಿ ಅಳುವಳು. ನಗುವುದನ್ನಂತೂ ಮರೆತೇಬಿಟ್ಟಿದ್ದಳು. ಅವಳ ಅತ್ತೆ, ನಮ್ಮ ಬೀಗತಿ ಶಾಂತಾಬಾಯಿ, ವಿಜಯಪುರದವರು. ಕೆಟ್ಟವರೆಂದು ಹೇಳಲಾರೆ. ಆದರೆ ಶಕುನ ನೋಡುವುದರಲ್ಲಿ ಅವರನ್ನು ಮೀರಿಸುವವರಿಲ್ಲ. ಕಳೆದ ಸಲ ಹಾಗಾದದ್ದಕ್ಕೆ ಮದುವೆಯಲ್ಲಿ ಆರತಿ ಆರಿದ್ದೇ ಕಾರಣವೆಂದು ಸೊಸೆಯ ಮುಂದೆಯೇ ಅಂದವರು. ಶ್ರಾವಣದಲ್ಲಿ ಕುಬಸ ಗೊತ್ತಾಯಿತು. ತವರಿನಿಂದ ನಾವು ಮಾಡುವ ಕಾರ್ಯ. ಅದರಲ್ಲಿ ಒಂದು ಲೋಪ, ಒಂದು ಅಪಶಕುನದ ಮಾತು ಬರಬಾರದು, ನನ್ನ ಮಗಳು ನಿರಾಳವಾಗಿ ಉಡಿ ತುಂಬಿಸಿಕೊಂಡು ಏಳಬೇಕು. ನಾನು ದೇವರಲ್ಲಿ ಬೇಡಿಕೊಳ್ಳುತ್ತಿದ್ದದ್ದು ಇಷ್ಟೇ.

ಆಗ ನಮ್ಮ ಮನೆಯವರು ಎರಡನೆಯ ಘೋಷಣೆ ಮಾಡಿದರು. ಕುಬಸಕ್ಕೆ ಬರುವ ಹೆಣ್ಣುಮಕ್ಕಳಿಗೆಲ್ಲ ಉಡಿಯಲ್ಲಿ ಅವರ ಸಾಬೂನು ಹಾಕಬೇಕು. ಸುಧಾಳ ಉಡಿಯಲ್ಲೂ.

"ಉಡ್ಯಾಗ ಅಕ್ಕಿ ಹಾಕ್ತಾರ, ಕೊಬ್ಬರಿ ಬಟ್ಟಲ ಹಾಕ್ತಾರ, ಉತ್ತತ್ತಿ, ಅರಿಷಿಣ ಬೇರು, ಜಂಪರದ ಕಣ ಹಾಕ್ತಾರ. ಸಾಬಾಣ ಹಾಕಿದ್ದು ಎಲ್ಲೆರ ನೋಡೀರೇನ್ರಿ?" ಎಂದೆ.

"ಮಂದಿ ನೋಡಿಲ್ಲಂತನ ಮಾಡೂದು. ಎಲ್ಲಾರೂ ನೆನಪ ಇಡಬೇಕು. ಮತ್ತ ಕೇಳಿಲ್ಲಿ, ಇದಕ್ಕ ಕೊಬ್ಬರಿ ಎಣ್ಣಿ ಬ್ಯಾಡ. ನಮ್ಮ ಕಡೀ ಕುಸುಬಿ ಎಣ್ಣೀಲೆ ಮಾಡ್ತೀನಿ."

ಇಷ್ಟು ದಿನದಲ್ಲಿ ಅವರಾಡಿದ ಈ ಒಂದು ಮಾತು ಮಾತ್ರ ನನಗೆ ಹಿಡಿಸಿತು. ಸೇಡಂನಲ್ಲಿ ನನ್ನ ತಮ್ಮ ರಾಘು ಇದ್ದಾನೆ. ತವರಿನ ಹೊಲದ ಕುಸುಬಿಯನ್ನು ಗಾಣಕ್ಕೆ ಹಾಕಿಸಿ ಪ್ರತಿವರ್ಷ ಡಬ್ಬಿ ತುಂಬಿ ರೈಲಿಗೆ ಹಾಕಿ ಕಳಿಸುತ್ತಾನೆ. ನಮ್ಮ ಕಡೆಯ ಜನಕ್ಕೆ ಕುಸುಬಿ ಎಣ್ಣೆಯೆಂದರೆ ಏನೆಂಬುದು ಇಲ್ಲಿಯವರಿಗೆ ತಿಳಿಯುವುದಿಲ್ಲ. ಬಿಸಿರೊಟ್ಟಿ ಕುಟ್ಟಿದ ಮುಟಗಿಗೆ ಅದೇ, ಹಸುಗೂಸಿನ ಮೈಗೆ ಅದೇ, ಮುದುಕರ ಕೀಲಿಗೆ ಅದೇ, ದೇವರ ದೀಪಕ್ಕೂ ಅದೇ. ಹೊಟ್ಟೆಗೂ ಎಲುಬಿಗೂ ಒಳ್ಳೆಯದಾದದ್ದು ಸಾಬೂನಿಗೆ ಒಳ್ಳೆಯದಾಗದೆ ಹೋದೀತೇ? ಹೀಗೆ ಯೋಚಿಸುವುದರಲ್ಲಿ ನಾವಿಬ್ಬರೂ ಒಂದೇ ಊರಿನವರು. ರಾಘುವಿನ ಡಬ್ಬಿಯನ್ನು ನಾನೇ ಎತ್ತಿ ಕೊಟ್ಟೆ.

ಮಳೆ ಹಿಡಿಯಿತು. ಒಗೆದ ಬಟ್ಟೆ ಒಣಗದೆ ಮನೆಯೊಳಗೆ ನೇತಾಡುತ್ತಿದ್ದವು. ಕುಸುಬಿ ಸಾಬೂನು ವಾರಗಟ್ಟಲೆಯಾದರೂ ಗಟ್ಟಿಯಾಗಲಿಲ್ಲ, ಬೆರಳೊತ್ತಿದರೆ ಒಳಗೆ ಹೋಗುತ್ತಿತ್ತು. "ಈ ಹೈದರಾಬಾದ ಹವಾನ ಸರಿ ಇಲ್ಲ," ಎಂದರು. ಬೆಚ್ಚಗಿರಲಿ ಎಂದು ಒಲೆಯ ಮೇಲಿನ ಹಲಗೆಗೆ ಏರಿಸಿಟ್ಟರು. ಕೆಲವು ದಿನಗಳಲ್ಲಿ ಬಿಳಿಯ ಸಾಬೂನಿನ ಮೇಲೆ ಅಲ್ಲಲ್ಲಿ ಕಿತ್ತಳೆ ಬಣ್ಣದ ಚುಕ್ಕೆಗಳು ಎದ್ದವು. ನಾನು ನೋಡಿ, ಇದೇನೆಂದು ಕೇಳಿದೆ. ಅವರು ಉತ್ತರ ಹುಡುಕುವ ಮೊದಲೇ ಸೋಫಾದಿಂದ ಮಾಲತಿಬಾಯಿ ಕೂಗಿದಳು: "ಅಯ್ಯ, ಕೇಸರಿ ಹಾಕೀರೇನ್ರಿ ಸಾಹೇಬ್ರ! ಎಷ್ಟು ಛಂದ ಕಾಣಾಕತ್ತೈತಿ!"

ಇವರು ಒಂದು ಕ್ಷಣ ಸಾಬೂನನ್ನು ನೋಡಿದರು, ಒಂದು ಕ್ಷಣ ಅವಳನ್ನು. "ಕೇಸರಿ ಅಲ್ಲರಿ. ಕುಸುಬಿ ಹೂವಿನ ಬಣ್ಣ. ಎಣ್ಣ್ಯಾಗ ಇದ್ದದ್ದು ತಾನ ಎದ್ದು ಬಂದೈತಿ," ಎಂದರು. ಕುಸುಬಿಯ ಹೂವೂ ಅದೇ ಬಣ್ಣದ್ದೇ. ಬಾಲ್ಯದಲ್ಲಿ ಹೊಲದಲ್ಲಿ ಕಂಡವರು, ನಂಬಿಬಿಟ್ಟರು. ಫೋನಿನ ಗುಂಪಿನಲ್ಲಿ ಚಿತ್ರ ಹೋಯಿತು. ಅದ್ಭುತವೆಂದರು, ಕಲೆಯೆಂದರು, ಒಬ್ಬರು ಕೈಮುಗಿಯುವ ಗುರುತು ಹಾಕಿದರು. ಇಷ್ಟು ಮಂದಿ ಓದಿದವರಲ್ಲಿ ಎಣ್ಣೆ ಕೆಡುತ್ತಿದೆ ಎಂದು ಹೇಳುವ ಒಂದು ನರಪಿಳ್ಳೆಯೂ ಇರಲಿಲ್ಲ. ಚಾರ್‌ಮಿನಾರಿನ ಕಡೆಯಿಂದ ತಂದ ಖಸ್ ಅತ್ತರನ್ನು ಮೇಲೆ ಸವರಿ, ಕಾಗದ ಸುತ್ತಿ, ಬಿಗಿಯಾಗಿ ಡಬ್ಬಿಗೆ ತುಂಬಿದರು.

ಕುಬಸದ ದಿನ ಮುಂಜಾನೆಯ ರೈಲಿಗೆ ವಿಜಯಪುರದ ಮಂದಿ, ಸೇಡಂನ ಮಂದಿ ಕಾಚಿಗೂಡದಲ್ಲಿ ಇಳಿದರು. ಸ್ಟೇಷನ್ನಿನ ಹತ್ತಿರದ ಫಂಕ್ಷನ್ ಹಾಲಿಗೆ ನೇರವಾಗಿ ಬಂದರು. ಹಸಿರು ಇಳಕಲ್ ಸೀರೆಯುಟ್ಟು, ಮೊಣಕೈತನಕ ಹಸಿರು ಬಳೆ ಇಟ್ಟು, ತಲೆ ತುಂಬ ಮಲ್ಲಿಗೆ ಮುಡಿದು ಸುಧಾ ಮಣೆಯ ಮೇಲೆ ಕೂತಿದ್ದಳು. ಹೊರಗೆ ಜಿಟಿಜಿಟಿ ಮಳೆ, ಒಳಗೆ ಹೆಂಗಸರ ಹಾಡು. ಮುತ್ತೈದೆಯರು ಒಬ್ಬೊಬ್ಬರಾಗಿ ಉಡಿ ತುಂಬಿದರು. ಅಕ್ಕಿ, ಕೊಬ್ಬರಿ, ಉತ್ತತ್ತಿ, ಕಣ, ಕೊನೆಗೆ ಸಾಬೂನು. ಸೆರಗು ಗಂಟು ಹಾಕಿ ಅವಳು ಅದನ್ನು ಎರಡೂ ಕೈಯಲ್ಲಿ ಹೊಟ್ಟೆಗೆ ಅವಚಿಕೊಂಡಳು. ನನ್ನ ಎದೆ ಅಷ್ಟರ ಮಟ್ಟಿಗೆ ಹಗುರಾಯಿತು. ಬಂದವರ ಉಡಿಗಳನ್ನೂ ತುಂಬಿ ಮುಗಿಸಿದೆವು.

ಜನದ ಕಾವಿಗೋ, ಮಡಿಲಿನ ಕಾವಿಗೋ, ಸ್ವಲ್ಪ ಹೊತ್ತಿಗೆ ಒಂದು ವಾಸನೆ ಎದ್ದಿತು. ಮೊದಲು ಖಸ್ಸು, ಅದರ ಬೆನ್ನಿಗೆ ಹಳೆಯ ಎಣ್ಣೆಯ ಕಮಟು. ಹಾಡುವವರು ಹಾಡು ನಿಲ್ಲಿಸಿ ಅತ್ತಿತ್ತ ನೋಡಿದರು. ಶಾಂತಾಬಾಯಿ ಮೂಗು ಎತ್ತಿ, ತಮ್ಮ ಉಡಿಯ ಕೊಬ್ಬರಿ ಬಟ್ಟಲನ್ನು ಕೈಗೆತ್ತಿಕೊಂಡು, ಸುಧಾಳ ಹತ್ತಿರ ಬಗ್ಗಿ, ನೆಟ್ಟಗಾದರು.

"ಕೊಬ್ಬರಿ ಕೆಟ್ಟೈತಿ," ಎಂದರು. "ಬಸುರಿ ಉಡ್ಯಾಗ ಕೆಟ್ಟ ಕೊಬ್ಬರಿ! ತವರಮನಿಯವರು ನೋಡಿ ಹಾಕಬಾರದೇನ್ರಿ? ಒಮ್ಮೆ ಆಗಿದ್ದು ಸಾಲದೇನು?"

ಸುಧಾಳ ಮುಖ ಬೆಳ್ಳಗಾಯಿತು. ಉಡಿಯನ್ನು ಬಿಡಲಾರಳು, ಹಿಡಿದಿರಲಾರಳು. "ಅವ್ವಾ," ಎಂದಳು. ಅಷ್ಟೇ. ಆ ಧ್ವನಿ ಇವತ್ತಿಗೂ ನನ್ನ ಕಿವಿಯಲ್ಲಿದೆ.

ಕೊಬ್ಬರಿ ಒಂದೊಂದನ್ನೂ ನಾನೇ ಮೂಸಿ ಆರಿಸಿದ್ದೆ. ವಾಸನೆ ಎಲ್ಲಿಯದೆಂದು ನನಗೆ ಆ ಗಳಿಗೆಯಲ್ಲೇ ಗೊತ್ತಾಯಿತು. ಬಾಯಿ ತೆರೆಯುವಷ್ಟರಲ್ಲಿ ಬಾಗಿಲ ಬಳಿ ಗಂಡಸರ ಜೊತೆ ಕೂತಿದ್ದ ನಮ್ಮ ಮನೆಯವರು ಎದ್ದು ಬಂದರು. ನಾನು ಮನಸ್ಸಿನಲ್ಲೇ ಹಲ್ಲು ಕಡಿದೆ. ಇವರೀಗ ಅಂಗಡಿಯವನನ್ನು ಬೈಯುತ್ತಾರೆ, ಅಕ್ಕಿಯ ಮೇಲೆ ಹಾಕುತ್ತಾರೆ, ಅತ್ತರಿನವನ ಮೇಲೆ ಹಾಕುತ್ತಾರೆ, ಮಗಳ ಮೈಮೇಲೆ ಆ ಅಪಶಕುನ ಹಾಗೇ ಉಳಿಯುತ್ತದೆ ಎಂದುಕೊಂಡೆ. ಅವರನ್ನು ನಾನು ಎಷ್ಟು ಹೀನವಾಗಿ ಕಂಡೆನೆಂದರೆ ಮುಖ ತಿರುಗಿಸಿ ನಿಂತೆ.

"ಕೊಬ್ಬರಿ ಕೆಟ್ಟಿಲ್ಲರಿ ಬೀಗತಿಯವರ," ಎಂದರು. ಸುಧಾಳ ಮುಂದೆ ಮಂಡಿಯೂರಿ ಕೂತು, ಉಡಿಯ ಗಂಟು ಬಿಚ್ಚದೆ ಬದಿಯಿಂದ ಕೈ ಹಾಕಿ ಸಾಬೂನು ತೆಗೆದು ಮೇಲಕ್ಕೆ ಹಿಡಿದರು. ಕಾಗದಕ್ಕೆ ಎಣ್ಣೆ ಬಸಿದು ಕಲೆಯಾಗಿತ್ತು. "ಕೆಟ್ಟದ್ದು ಇದು. ನನ್ನ ಸಾಬಾಣ. ಕೊಬ್ಬರಿ ಛಲೋ ಐತಿ, ಬೇಕಂದ್ರ ನೋಡ್ರಿ." ಶಾಂತಾಬಾಯಿಯ ಕೈಯಲ್ಲಿದ್ದ ಕೊಬ್ಬರಿ ಬಟ್ಟಲನ್ನು ಇಸಿದುಕೊಂಡು ಕಚ್ಚಿ ತಿಂದರು. ಶಾಂತಾಬಾಯಿ ಸಾಬೂನನ್ನು ಮೂಸಿ ನೋಡಿ ಮುಖ ಕಿವುಚಿದರು.

ಆಗ ನನ್ನ ತಮ್ಮ ರಾಘು, ಬುದ್ಧಿಗೇಡಿ, ಗಂಡಸರ ಸಾಲಿನಿಂದ ಕೇಳಬೇಕೆ: "ಯಾಕ ಕೆಟ್ಟಿತ್ರಿ ಮಾವಾರ? ಎಣ್ಣಿ ನಾನ ಕಳಿಸಿದ್ದೆನೆಲ್ಲ?"

ಅಲ್ಲಿದ್ದವರೆಲ್ಲ ಇವರ ಬಾಯಿ ನೋಡಿದರು. ಇಂಥ ಅವಕಾಶ ಅವರಿಗೆ ಇಡೀ ನೌಕರಿಯಲ್ಲಿ ಸಿಕ್ಕಿರಲಿಕ್ಕಿಲ್ಲ. ಎಣ್ಣೆ ಹೆಂಡತಿಯ ತವರಿನದು. ಕಳಿಸಿದವನು ತಾನಾಗಿಯೇ ಎದ್ದು ನಿಂತಿದ್ದಾನೆ. ಎಣ್ಣೆ ಕೆಟ್ಟದಿತ್ತು ಎಂದರೆ ಮುಗಿಯಿತು, ಇವರು ಪಾರು. ಶಾಂತಾಬಾಯಿ ಮಾತ್ರ ಜೀವ ಇರುವ ತನಕ ಆ ಎಣ್ಣೆಯನ್ನು, ನನ್ನ ತವರನ್ನು, ನನ್ನ ಮಗಳ ಹೊಟ್ಟೆಯನ್ನು ಒಟ್ಟಿಗೆ ಕಟ್ಟಿ ಆಡುತ್ತಿದ್ದರು.

"ಎಣ್ಣಿ ಭಾಳ ಛಲೋ ಇತ್ತೋ ರಾಘು," ಎಂದರು. "ಮಾಡಾಂವಗ ಮಾಡಾಕ ಬರಲಿಲ್ಲ. ತಪ್ಪು ನಂದು."

ತಪ್ಪು ನಂದು. ಆ ಎರಡು ಪದಗಳು ಅವರ ಬಾಯಲ್ಲಿ ಎಷ್ಟು ಅಪರಿಚಿತವಾಗಿದ್ದವೆಂದರೆ ಹೇಳಿದ ಮೇಲೆ ಅವರೇ ಸ್ವಲ್ಪ ಗಾಬರಿಯಾದಂತೆ ಕಂಡರು. ಕೈಯಲ್ಲಿದ್ದ ಮೆತ್ತನೆಯ ಸಾಬೂನು ಜಾರಿ ಧೋತರದ ಮೇಲೆ ಬಿತ್ತು, ಅಲ್ಲಿಂದ ಉರುಳಿ ಶಾಂತಾಬಾಯಿಯ ಪಾದದ ಬಳಿ ಹೋಯಿತು. ಸುಧಾ ಅದನ್ನು ನೋಡಿದಳು, ಅಪ್ಪನ ಮುಖ ನೋಡಿದಳು, ಕಿಸಕ್ಕನೆ ನಕ್ಕಳು. ಎಷ್ಟೋ ತಿಂಗಳ ನಗೆ ಅದು, ಬಳೆಗಳೆಲ್ಲ ಗಲಗಲ ಅಂದವು. ಅವಳು ನಕ್ಕದ್ದು ನೋಡಿ ನೆರೆದವರೆಲ್ಲ ನಕ್ಕರು. ಶಾಂತಾಬಾಯಿಯೂ ಸೆರಗು ಬಾಯಿಗಿಟ್ಟುಕೊಂಡರು. "ಬಸುರಿ ನಕ್ಕಳು, ಅದ ಛಲೋ ಶಕುನ ಬಿಡ್ರಿ," ಎಂದು ಅವರೇ ತೀರ್ಪು ಕೊಟ್ಟರು. ಗಂಟು ಬಿಚ್ಚಲಿಲ್ಲ. ಉಡಿ ಉಳಿಯಿತು.

ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವಳು ಮಾಲತಿಬಾಯಿ. ಮೂಗಿಗೆ ಕರವಸ್ತ್ರ ಹಿಡಿದು ಪಕ್ಕದವಳಿಗೆ, "ನನಗ ಮೊದಲ ಗೊತ್ತಿತ್ತರಿ, ವಾಸನಿ ಅವತ್ತ ಬಂದಿತ್ತು," ಎಂದು ಹೇಳುತ್ತಿದ್ದಳು. ಸಾಹೇಬ್ರು ಎಲ್ಲಿಗೆ ಹೋದರೋ, ಮಂಡಿನೋವು ಎಲ್ಲಿಗೆ ಹೋಯಿತೋ. ನಾನು ಮಿಕ್ಕ ಸಾಬೂನಿನ ಡಬ್ಬಿಯನ್ನೇ ಎತ್ತಿಕೊಂಡು ಹೋಗಿ ಅವಳ ತೊಡೆಯ ಮೇಲಿಟ್ಟೆ.

"ಇಷ್ಟೂ ಒಯ್ರಿ ಮಾಲತಿಬಾಯಿ," ಎಂದೆ, ಎಲ್ಲರಿಗೂ ಕೇಳುವ ಹಾಗೆ. "ಇನ್ನೊಂದ್ ಮಂಡಿ ಉಳದೈತೆಲ್ಲ."

ಅವಳು ಆಮೇಲೆ ನಮ್ಮ ಮನೆಗೆ ಚಹಾಕ್ಕೆ ಬರಲಿಲ್ಲ. ಆ ಮಳೆಗಾಲದಲ್ಲಿ ನನಗಾದ ನಿವ್ವಳ ಲಾಭ ಅದು.

ಸಂಜೆ ನೆಂಟರನ್ನು ರೈಲು ಹತ್ತಿಸಿ ಬಂದು ಅವರು ಬಾಲ್ಕನಿಯಲ್ಲಿ ಫೋನು ಹಿಡಿದು ಕೂತರು. ಚಹಾ ಕೊಡಲು ಹೋದ ನಾನು ಹೆಗಲ ಮೇಲಿಂದ ಇಣುಕಿದೆ. ಯಾವುದೋ ಸಾಬೂನಿನವರ ಬರಹ. ಕುಸುಬಿಯಂಥ ಎಣ್ಣೆಗಳಿಂದಲೇ ಮಾಡಿದ ಸಾಬೂನು ಮೆತ್ತಗೇ ಉಳಿಯುತ್ತದೆ, ಸೆಖೆಗೆ ಬೇಗ ಕೆಟ್ಟು ಕಿತ್ತಳೆ ಚುಕ್ಕೆ ಬೀಳುತ್ತದೆ, ಯಾರು ಮಾಡಿದರೂ ಅಷ್ಟೇ ಎಂದಿತ್ತು. ತಪ್ಪು ಎಣ್ಣೆಯದೇ! ಲಿಖಿತ ಸಾಕ್ಷಿಯೇ ಕೈಗೆ ಸಿಕ್ಕಿದೆ. ಈಗ ತಿರುಗುತ್ತಾರೆ, ಈಗ ಶುರು ಮಾಡುತ್ತಾರೆ ಎಂದು ಕಪ್ಪುಬಸಿ ಹಿಡಿದು ಕಾದೆ. ಅವರು ಫೋನು ಬೋರಲು ಹಾಕಿ, "ಚಹಾಕ್ಕ ಸಕ್ಕರಿ ಕಡಿಮಿ ಆಗೈತಿ. ಈ ಅಂಗಡಿಯಾಂವನ ಸಕ್ಕರೀನ ಸರಿ ಇಲ್ಲ," ಎಂದರು.

ಸುಧಾಳಿಗೆ ಹೆಣ್ಣು ಕೂಸು ಹುಟ್ಟಿತು. ರಾಘುವಿನ ಎಣ್ಣೆಯಲ್ಲೇ ಅದರ ಮೈ ತಿಕ್ಕಿದೆವು. ನಮ್ಮ ಮನೆಯವರು ಸಾಬೂನಿನ ಅಚ್ಚುಗಳನ್ನು ಗುಜರಿಗೆ ಹಾಕಿದರು. ಆದರೆ ಸುಮ್ಮನಿರುವ ಜೀವವೇ ಅದು? ಈಗ ತಮ್ಮ ತಪ್ಪನ್ನು ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗುವುದೇ ಅವರ ಹೊಸ ಹವ್ಯಾಸ. ಒಂದೇ ತಪ್ಪು ಒಪ್ಪಿಕೊಂಡದ್ದು, ಅದಕ್ಕೆ ಪದಕದಷ್ಟು ಮೆರುಗು ಕೊಟ್ಟಿದ್ದಾರೆ.

ವಿಮಾನ ನಿಲ್ದಾಣದ ಆ ಅಂಗಡಿಯ ಹುಡುಗಿಗೂ ಅದನ್ನೇ, ನಾವೂ ಸಾಬೂನು ಮಾಡುತ್ತಿದ್ದೆವು, ಪೂರಾ ಕೆಟ್ಟುಹೋಯಿತು ಎಂದು ಹಿಂದಿಯಲ್ಲಿ ಹೇಳುತ್ತಿದ್ದರು. "ಹಮ್ ಭೀ ಬನಾತೇ ಥೇ ಬೇಟಾ. ಪೂರಾ ಖರಾಬ್ ಹೋಗಯಾ."

"ಕೈಸೇ ಅಂಕಲ್?" ಹೇಗೆ ಕೆಟ್ಟಿತೆಂದು ಕೇಳಿದಳು ಅವಳು, ನಗುತ್ತ.

ನಾನು ಎರಡು ಹೆಜ್ಜೆ ಹಿಂದೆ ಚೀಲ ಹಿಡಿದು ನಿಂತಿದ್ದೆ. ಪ್ರತಿ ಸಲವೂ ಹೀಗೆ ನಿಂತು ಕಾಯುತ್ತೇನೆ. ಇವತ್ತಾದರೂ ಎಣ್ಣೆಯ ಹೆಸರು ಬರುತ್ತದೆಯೇ? ಉಡಿಯಿಲ್ಲ, ಬೀಗತಿಯಿಲ್ಲ, ರಾಘುವಿಲ್ಲ, ಗುರುತಿಲ್ಲದ ಹುಡುಗಿಯ ಮುಂದೆ ಹೇಳಿದರೆ ಯಾರ ಗಂಟು ಹೋಗುತ್ತದೆ?

"ಹಾಥ್ ಅಚ್ಛಾ ನಹೀ ಥಾ," ಎಂದರು. ಕೈ ಸರಿ ಇರಲಿಲ್ಲವಂತೆ.

ಊರ ಮೇಲೆಲ್ಲ ಸುಳ್ಳೇ ತಪ್ಪು ಹೊರಿಸಿ ಬದುಕಿದ ಮನುಷ್ಯ, ನಿಜವಾಗಿ ಹೊರಿಸಬಹುದಾದ ಒಂದೇ ಒಂದನ್ನು ಬಿಟ್ಟುಬಿಟ್ಟಿದ್ದಾರೆ. ಇಷ್ಟು ದಡ್ಡರನ್ನು ನಾನು ಕಂಡಿಲ್ಲ. ಕೈಯಲ್ಲಿದ್ದ ಸಾಬೂನು ಕಸಿದು ತಟ್ಟೆಯಲ್ಲಿಟ್ಟು, ನನ್ನ ಸೆರಗಿನಿಂದ ಅವರ ಬೆರಳು ಒರೆಸಿ, "ನಡೀರಿ, ವಿಮಾನ ಹೊಂಟೈತಿ," ಎಂದೆ.